ಸುಣ್ಣ ಹತ್ತಿದ ಅಂಗೈ

ಅವರ ಬಲಗೈಯ ಅಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಎಡಗೈ ರೇಷ್ಮೆ ನೂಲು ಸುತ್ತಿ ಸುತ್ತಿ ಬಿರುಕುಬಿಟ್ಟ ಮಾಮೂಲಿ ಕೈ. ಬಲಗೈಗೆ ಮಾತ್ರ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಸುಣ್ಣ. ಎಲೆಅಡಿಕೆ ಹಾಕಿ ಕೈ ತೊಳೆಯದ ಕೊಳಕು ಮುದುಕಿ ಅಂತ ಮೊದಲ ದಿನವೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ನೋಡಿದರೆ ನಮ್ಮ ಓನರಮ್ಮ ಎಲೆಅಡಿಕೆ ಮುಟ್ಟುವವರೇ ಅಲ್ಲ.

ತೊಂಬತ್ತರ ದಶಕದ ನಡುವಿನ ಮಾತಿದು. ನನ್ನ ಗಂಡ ಲೈನ್‌ಮನ್. ಅವರಿಗೆ ಮೊಳಕಾಲ್ಮೂರಿಗೆ ವರ್ಗವಾಗಿ ಆ ಬಾಡಿಗೆ ಮನೆಗೆ ಬಂದೆವು. ನಾನು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಗದ್ದಲದ ಪಕ್ಕ ಹುಟ್ಟಿ ಬೆಳೆದವಳು, ಮಿಲ್ಲಿಗಿಂತ ಜೋರಾಗಿ ಕೂಗದಿದ್ದರೆ ನಮ್ಮ ಮನೆಯಲ್ಲಿ ಊಟವೇ ಸಿಗುತ್ತಿರಲಿಲ್ಲ. ಹಾಗಾಗಿ ಬಾಯಿ ಸ್ವಲ್ಪ ಗಟ್ಟಿ. ಈ ಮನೆ ನೋಡಿದ ಕೂಡಲೇ ಗೊಣಗಲು ಶುರು ಮಾಡಿದೆ. ಹಳೆಯ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಒಂದು ಮೊಳ ಮಣ್ಣು. ಕಲ್ಲು ಮಣ್ಣಿನ ದಪ್ಪ ಗೋಡೆ. ಮುಂದೆ ಪಡಸಾಲೆ, ಹಿಂದೆ ಒಂದು ಕೋಣೆ. ಇಡೀ ಮನೆಗೆ ಇದ್ದದ್ದು ಒಂದೇ ಬಾಗಿಲು. ಬಚ್ಚಲು ಹಿತ್ತಲಲ್ಲಿ, ಹಿತ್ತಲಿಗೆ ಬಾಗಿಲಿಲ್ಲ! ತಂಬಿಗೆ ಹಿಡಿದು ಬೀದಿಗೆ ಬಂದು, ಪಕ್ಕದ ಸಂದಿಯಲ್ಲಿ ಮೈ ಸೊಟ್ಟ ಮಾಡಿಕೊಂಡು ಸುತ್ತಿ ಹೋಗಬೇಕು. ಬೀದಿಯ ಮಗ್ಗದವರೆಲ್ಲ ನಾನು ಎಲ್ಲಿಗೆ ಹೊರಟೆ ಅಂತ ನೋಡಬೇಕು.

ಓನರಮ್ಮ ಇದ್ದದ್ದು ಆ ಹಿತ್ತಲಲ್ಲೇ, ತಗಡಿನ ಶೆಡ್ಡಿನಲ್ಲಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇಷ್ಟು ದೊಡ್ಡ ಮನೆ ಇದ್ದೂ ಆ ಬಿಸಿಲಲ್ಲಿ ತಗಡಿನ ಕೆಳಗೆ ಬೇಯುವುದು ಯಾಕೆ, ಬಾಡಿಗೆಯ ಆಸೆ ಇರಬೇಕು ಅಂದುಕೊಂಡೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನ್ನನ್ನು ‘ಅಮ್ಮಾಯಿ’ ಅನ್ನುತ್ತಿದ್ದರು. ನೂಲು ಬಿಡಿಸುತ್ತಾ ಅವರು ಹೇಳುತ್ತಿದ್ದ ಮಾತೊಂದಿತ್ತು: “ಎಳೀಬ್ಯಾಡ, ಕೊನೆ ಹುಡುಕು.” ನೂಲು ಗೋಜಲಾದರೂ ಅದೇ, ನನ್ನ ತಲೆಗೂದಲು ಸಿಕ್ಕಾದರೂ ಅದೇ. ನಾನು ಗಂಡನ ಮೇಲೆ ಹರಿಹಾಯುತ್ತಿದ್ದರೆ ಗೋಡೆಯಾಚೆಯಿಂದಲೂ ಅದೇ ಮಾತು ಕೇಳುತ್ತಿತ್ತು.

ಆದರೆ ಒಂದು ವಿಚಿತ್ರ. ಆ ಹೆಂಗಸು ತನ್ನ ಮನೆಯ ಹೊಸಲು ದಾಟುತ್ತಿರಲಿಲ್ಲ. ಉಪ್ಪು ಕೇಳಲು ಬರಲಿ, ಕರೆಂಟು ಹೋಗಿದೆ ಎಂದು ನನ್ನ ಗಂಡನಿಗೆ ಹೇಳಲು ಬರಲಿ, ಹೊರಗಿನ ಕಟ್ಟೆಯಿಂದಲೇ ಮಾತು. ಒಮ್ಮೆ ಧೋ ಎಂದು ಮಳೆ ಬಂದಾಗಲೂ ತಲೆ ಮೇಲೆ ಸೆರಗು ಹಾಕಿಕೊಂಡು ತೊಯ್ಯುತ್ತಾ ನಿಂತಿದ್ದರು.

“ಒಳಗೆ ಬರ್ರೀ ಅವ್ವಾ, ನಿಮ್ಮದೇ ಮನೆ,” ಅಂದೆ.

“ಇಲ್ಲೇ ಚೆಂದೈತೆ ಬಿಡು ಅಮ್ಮಾಯಿ,” ಅಂದರು.

ಕೈಯ ಸುಣ್ಣದ ಗುಟ್ಟು ಒಂದು ಸಂಜೆ ತಿಳಿಯಿತು. ಬಚ್ಚಲಿಗೆ ಹೋಗಲು ಸಂದಿ ದಾಟಿದರೆ, ಓನರಮ್ಮ ನಮ್ಮ ಹಿಂದಿನ ಕೋಣೆಯ ಗೋಡೆಗೆ ಹೊರಗಿನಿಂದ ಅಂಗೈ ಒತ್ತಿ ನಿಂತಿದ್ದರು. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಬಾಯಲ್ಲಿ ತೆಲುಗಿನಲ್ಲಿ ಏನೋ ಸಣ್ಣಗೆ. ನಾನು ಕೆಮ್ಮಿದೆ. ಅವರು ಗಾಬರಿಯಾಗಲಿಲ್ಲ. ಕೈಯನ್ನು ಮೆಲ್ಲಗೆ ತೆಗೆದು, ನನ್ನನ್ನು ನೋಡಿ, ಶೆಡ್ಡಿನೊಳಗೆ ಹೋದರು. ಆ ಜಾಗದಲ್ಲಿ ಸುಣ್ಣದ ದಪ್ಪ ಪದರ ಸವೆದು ಒಂದು ಅಂಗೈಯಷ್ಟು ತಗ್ಗು ಬಿದ್ದಿತ್ತು. ಎಷ್ಟು ವರ್ಷ ಮುಟ್ಟಿದ್ದರೋ.

ಒಳಗಿನಿಂದ ಅದೇ ಜಾಗ ನನಗೂ ಗೊತ್ತಿತ್ತು. ಬೇಸಿಗೆಯಲ್ಲಿ ಬಂಡೆಗುಡ್ಡಗಳೆಲ್ಲ ಕಾದು ಊರೇ ಒಲೆಯಾದಾಗ ಆ ಗೋಡೆಯ ನಡುಭಾಗ ಮಾತ್ರ ತಣ್ಣಗಿರುತ್ತಿತ್ತು. ಮೊಳೆ ಹೊಡೆದರೆ ನಿಲ್ಲುತ್ತಿರಲಿಲ್ಲ. ನಾನು ಹೆದರಲಿಲ್ಲ, ಬೆನ್ನು ಆನಿಸಿ ಹಾಯಾಗಿ ಕೂರುತ್ತಿದ್ದೆ.

ಅಷ್ಟರಲ್ಲಿ ನಾನು ಬಸುರಿ. ಅದು ಮೂರನೆಯದು. ಮೊದಲಿನ ಎರಡೂ ನಿಂತಿರಲಿಲ್ಲ. ಈ ಸಲ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: ಬಸ್ಸು ಹತ್ತಬಾರದು, ಭಾರ ಎತ್ತಬಾರದು, ಇರುವಲ್ಲೇ ಇರಬೇಕು. ತವರಿಗೆ ಹೋಗುವ ಮಾತೇ ಇಲ್ಲ, ಚಳ್ಳಕೆರೆ ರಸ್ತೆಯ ಗುಂಡಿಗಳಿಗೆ ಗಟ್ಟಿ ಹಲ್ಲೂ ಅಲುಗಾಡುತ್ತಿತ್ತು. ದಿನ ತುಂಬುವಾಗ ಅವ್ವನೇ ಬರುವುದು ಅಂತಾಯಿತು. ಈ ಕೂಸನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಈ ಮನೆಯಿಂದ ಅಲ್ಲಾಡಬಾರದು. ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಆಗಲೇ ವಾಸನೆ ಶುರುವಾಯಿತು. ಮಧ್ಯಾಹ್ನ ಆ ಕೋಣೆಯಲ್ಲಿ ಮಲಗಿದರೆ ಬಾಣಂತಿ ಮನೆಯ ವಾಸನೆ. ಸುಟ್ಟ ಬೆಳ್ಳುಳ್ಳಿ, ಓಮು, ಸಾಂಬ್ರಾಣಿ ಹೊಗೆ, ಎಣ್ಣೆ ಕಾಸಿದ ಘಾಟು. ಎದ್ದು ಕೂತರೆ ಇಲ್ಲ. ಗಂಡನನ್ನು ಕರೆದು ಮೂಸಿಸಿದೆ. “ನಂಗೇನೂ ಬರಾಕಿಲ್ಲ. ಬಸುರಿ ಮೂಗು ಕಣೇ ನಿಂದು,” ಅಂತ ನಕ್ಕರು. ನಾನೂ ಹಾಗೇ ಅಂದುಕೊಂಡೆ. ಆದರೆ ಒಂದು ದಿನ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಓನರಮ್ಮ ತಲೆ ಎತ್ತದೆ ಕೇಳಿದರು, “ಒಳಗೆ ಬೆಳ್ಳುಳ್ಳಿ ವಾಸನಿ ಬರ್ತೈತಾ?”

ನಾನು ಅವರ ಹತ್ತಿರ ವಾಸನೆಯ ಮಾತೇ ಎತ್ತಿರಲಿಲ್ಲ.

“ಬರ್ತೈತೆ. ಯಾಕವ್ವಾ?”

“ಸುಮ್ನೆ ಕೇಳ್ದೆ,” ಅಂದು ನೂಲಿಗೆ ಮರಳಿದರು.

ಹೊಟ್ಟೆ ಮುಂದೆ ಬಂದ ಹಾಗೆ ಸಂದಿಯಲ್ಲಿ ತೂರುವುದು ಕಷ್ಟವಾಯಿತು. ಒಂದು ಬೆಳಿಗ್ಗೆ ಗೋಡೆಗೆ ಮೊಣಕೈ ತರಚಿ ರಕ್ತ ಬಂತು. ಸೀದಾ ಓನರಮ್ಮನ ಮುಂದೆ ನಿಂತು, “ಅವ್ವಾ, ಹಿಂದಿನ ಗೋಡೆಗೆ ಒಂದು ಬಾಗ್ಲು ಇಡಿಸ್ರಿ. ಇಲ್ಲಾಂದ್ರೆ ನಾನು ಒಂದಿನ ಸಂದೀಲಿ ಸಿಕ್ಕಂಡು ಅಲ್ಲೇ ಹೆತ್ತುಬಿಡ್ತೀನಿ,” ಅಂತ ರೇಗಿದೆ.

ಅವರು ನನ್ನ ಹೊಟ್ಟೆಯನ್ನೇ ನೋಡಿದರು. “ನೀನೇ ಕೇಳ್ದೆ,” ಅಂದರು. “ನೆನಪಿಟ್ಕ. ನಾ ಕೇಳಿಲ್ಲ, ನೀನೇ ಕೇಳ್ದೆ.”

ಬಾಗಿಲಿಗೆ ಇಷ್ಟು ದೊಡ್ಡ ಮಾತೇಕೆ ಅಂತ ನನಗೆ ಅರ್ಥವಾಗಲಿಲ್ಲ.

ಒಂದು ವಾರದಲ್ಲಿ ಮೇಸ್ತ್ರಿ ಬಂದರು. ಊರಿನ ಹಳೆಯ ಗಾರೆ ಕೆಲಸದ ಸಾಹೇಬರು, ಮಾತು ಮಾತಿಗೆ ‘ಅರೇ ಅಮ್ಮಾ’ ಅನ್ನುವವರು. ಹಿಂದಿನ ಗೋಡೆ ಒಡೆಯುವ ಮುಂಚೆ ಮಾಳಿಗೆಯ ಭಾರ ಇಳಿಸಬೇಕು, ಪಡಸಾಲೆಯ ತೊಲೆ ಗೆದ್ದಲು ತಿಂದಿದೆ, ಅದನ್ನೂ ಬದಲಿಸಬೇಕು ಅಂತ ಮೇಲೆ ಹತ್ತಿ ಮಣ್ಣು ಕೆದರಿದರು. ಅಲ್ಲಿಂದ ನನ್ನ ಪಾಡು ಯಾರಿಗೂ ಬೇಡ. ಅನ್ನದಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು, ಬಾಯಿ ತೆರೆದರೆ ಮಣ್ಣು. ಸೀಮೆಎಣ್ಣೆ ಸ್ಟೌವ್ ಎತ್ತಿಕೊಂಡು ಅಂಗಳಕ್ಕೆ ಬಂದರೆ ಗಾಳಿಗೆ ಉರಿ ನಿಲ್ಲುವುದಿಲ್ಲ. ಮನೆ ಖಾಲಿ ಮಾಡಿಸಲು ಓನರುಗಳು ರಿಪೇರಿ ಶುರು ಮಾಡುತ್ತಾರೆ ಅನ್ನುವುದು ಲೋಕಕ್ಕೇ ಗೊತ್ತಿರುವ ಮಾತು. ನನಗೆ ಅದೇ ಅನುಮಾನ ಬಂತು. “ನಾನು ಹೋಗಾಕಿಲ್ಲ ಕಣ್ರೀ, ಮಾಳಿಗೆ ಪೂರಾ ಬಿಚ್ಚಿದ್ರೂ ಇಲ್ಲೇ ಕೂತಿರ್ತೀನಿ,” ಅಂತ ಹಿತ್ತಲಿಗೆ ಕೇಳುವಂತೆ ಕೂಗಿದೆ. ಗೋಡೆಯಾಚೆಯಿಂದ ಉತ್ತರ ಬಂತು, “ಕೂತ್ಕ. ಯಾರು ಹೋಗು ಅಂದ್ರು?”

ಹಿಂದಿನ ಗೋಡೆಗೆ ಹಾರೆ ಬಿದ್ದ ದಿನ ನಾನು ಕೋಣೆಯಲ್ಲೇ ಇದ್ದೆ. ಸುಣ್ಣ ಉದುರಿದ ಮೇಲೆ ಮೇಸ್ತ್ರಿ ಕೈ ನಿಲ್ಲಿಸಿದರು. ಸುತ್ತಲಿನ ಗೋಡೆ ಕಲ್ಲಿನದು. ನಡುವೆ ಮಾತ್ರ, ಆಳೆತ್ತರಕ್ಕೆ, ಹಸಿ ಇಟ್ಟಿಗೆ ತುಂಬಿತ್ತು.

“ಅರೇ, ಇಲ್ಲಿ ಮೊದಲೇ ದಾರಿ ಇತ್ತಲ್ಲಮ್ಮಾ,” ಅಂದರು. ಕೆಳಗಿನ ಸಾಲು ಕಿತ್ತರೆ ಇಟ್ಟಿಗೆಯ ಸಂದಿನಿಂದ ಒಣಗಿದ ಜಾಲಿ ಮುಳ್ಳಿನ ಕಂಟಿ ಹೊರಬಂತು. ಅದರಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು, ಮೊನೆ ಮೇಲೆ ಮಾಡಿ ಸಾಲಾಗಿ ನೆಟ್ಟದ್ದು. ಮೇಸ್ತ್ರಿ ಹಾರೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ನನಗೂ ಗೊತ್ತಾಯಿತು. ಕೆಟ್ಟ ನಕ್ಷತ್ರದಲ್ಲಿ ಸತ್ತವರನ್ನು ನಮ್ಮ ಕಡೆ ಬಾಗಿಲಿಂದ ತೆಗೆಯುವುದಿಲ್ಲ. ಗೋಡೆ ಒಡೆದು ತೆಗೆದು, ಕೂಡಲೇ ಮುಚ್ಚಿಬಿಡುತ್ತಾರೆ. ತಿರುಗಿ ಬಂದರೆ ದಾರಿ ಸಿಗಬಾರದು ಅಂತ. ಆದರೆ ಮುಳ್ಳು, ಮೊಳೆ ಇಡುವುದು ಎಲ್ಲರಿಗೂ ಅಲ್ಲ. ಬಾಣಂತಿ ಸತ್ತರೆ ಮಾತ್ರ.

ನಾನು ಬೆನ್ನು ಆನಿಸಿ ಕೂರುತ್ತಿದ್ದದ್ದು ಅದೇ ಜಾಗಕ್ಕೆ.

ಹೊರಗಿನಿಂದ ಒಂದು ಬಿಳಿಯ ಅಂಗೈ ಆ ಸಂದಿನಲ್ಲಿ ಒಳಬಂತು. ನಾನು ಕಿಟಾರನೆ ಕಿರುಚಿದೆ. ಓನರಮ್ಮನೇ. ಹೊರಗೆ ಮಂಡಿಯೂರಿ ಕೂತು, ಬರಿಗೈಯಲ್ಲಿ ಒಂದೊಂದೇ ಮುಳ್ಳು ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಕೈಯೆಲ್ಲ ರಕ್ತ.

“ನನ್ ಮಗಳು,” ಅಂದರು. “ಈ ಕೋಣೇಲಿ ಹಡೆದ್ಲು. ಹಡೆದ ಮೇಲೆ ರಕ್ತ ನಿಲ್ಲಲಿಲ್ಲ. ಕೂಸು ಬದುಕಿತ್ತು ಅಮ್ಮಾಯಿ. ಒಳಗೆ ಅಳ್ತಿತ್ತು. ಅದನ್ನ ನೋಡಾಕೆ ಬಂದೇ ಬರ್ತಾಳೆ ಅಂತ ಇಲ್ಲಿಂದ ಎತ್ತಿ ಹಾಕಿ, ಕಾಲಿಗೆ ಚುಚ್ಚಲಿ ಅಂತ ಮುಳ್ಳಿಟ್ರು. ಒಂದು ತಿಂಗಳು ಅತ್ತು ಅತ್ತು ಆ ಕೂಸೂ ತಾಯಿ ಹಿಂದೇನೇ ಹೋತು. ಅವಳು ಒಳಗೆ ಬರಂಗಿಲ್ಲ ಅಂದ್ಮ್ಯಾಲೆ ನಾನ್ಯಾಕೆ ಬರ್ಲಿ?”

ಮತ್ತೊಂದು ಮುಳ್ಳು ಹೆಕ್ಕುತ್ತಾ ಹೇಳಿದರು, “ಬಾಗ್ಲು ಇಡಿಸಾಕೆ ನಂಗೆ ಧೈರ್ಯ ಇರ್ಲಿಲ್ಲ. ಮನೇಲಿರೋ ಬಸುರಿ ಬಾಯಿಂದಾನೇ ಬಂತಲ್ಲ, ಅದಕ್ಕೇ.”

ಕರುಳು ಕಿತ್ತು ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟೇ ಭಯವೂ ಆಯಿತು. ಕೂಸಿಗಾಗಿ ಕಾದಿರುವ ಸತ್ತ ಬಾಣಂತಿಗೆ ಬಾಗಿಲು ತೆಗೆಯುವುದು, ಅದೇ ಕೋಣೆಯಲ್ಲಿ ನಾನು ನನ್ನ ಕೂಸನ್ನು ತಂದು ಮಲಗಿಸುವುದು! ಗಂಡ ಬೇರೆ ಮನೆ ನೋಡೋಣ ಅಂದರು. ಆ ಹೊಟ್ಟೆ ಹೊತ್ತು ಮನೆ ಸಾಮಾನು ಕಟ್ಟಲು ನನಗೆ ಧೈರ್ಯ ಬರಲಿಲ್ಲ.

ಸುದ್ದಿ ಬೀದಿ ತುಂಬಾ ಹಬ್ಬಿ ಮಾರನೇ ದಿನ ಓನರಮ್ಮನ ಮೈದುನ ಬಂದರು. ಅಂದು ಮುಳ್ಳಿಟ್ಟು ಮುಚ್ಚಿಸಿದವರು ಅವರೇ. “ಹುಚ್ಚು ಹಿಡಿದೈತಾ ನಿಂಗೆ? ಆ ಹುಡುಗಿ ಹೊಟ್ಟೇಲಿರೋದರ ಮ್ಯಾಲೆ ಕಣ್ಣಾ?” ಅಂತ ಅತ್ತಿಗೆಯ ಮೇಲೆ ಎಗರಾಡಿ, ನನ್ನ ಕಡೆ ತಿರುಗಿದರು. “ನೀನು ಹೇಳಮ್ಮಾ. ಇಲ್ಲಿರೋಳು ನೀನು. ತೆಗೀಲೋ, ಮುಚ್ಚಿಸ್ಲೋ?”

ಓನರಮ್ಮ ನನ್ನನ್ನೇ ನೋಡುತ್ತಿದ್ದರು. ಚಳ್ಳಕೆರೆಯ ಗಟ್ಟಿ ಬಾಯಿ ಅವತ್ತು ಬಿಚ್ಚಲೇ ಇಲ್ಲ. ಮೈದುನ ಅದನ್ನೇ ಒಪ್ಪಿಗೆ ಅಂತ ತಿಳಿದು, ಮೇಸ್ತ್ರಿಗೆ ಹೇಳಿ ಸಂಜೆಯೊಳಗೆ ಹಸಿಮಣ್ಣು, ಇಟ್ಟಿಗೆ ಹಾಕಿಸಿ ಮುಚ್ಚಿಸಿದರು. ಮುಳ್ಳು ಮತ್ತೆ ಇಡಲು ಹೋದಾಗ ಮಾತ್ರ ನಾನು, “ಮುಳ್ಳು ಬ್ಯಾಡ,” ಅಂದೆ. ಮೈದುನ ಮುಳ್ಳು ಬಿಟ್ಟರು, ಜೊತೆಗೆ ಇಡೀ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಪಡಸಾಲೆಯ ಮಾಳಿಗೆ ಅರ್ಧ ಬಿಚ್ಚಿದ್ದು ಹಾಗೇ, ಎರಡು ಕಂಬದ ಆಸರೆಯಲ್ಲಿ ಉಳಿಯಿತು.

ಮರುದಿನ ಮಧ್ಯಾಹ್ನ ಅಡ್ಡಮಳೆ ಬಂತು. ನನ್ನ ಗಂಡ ಎಲ್ಲೋ ಕಂಬ ಬಿದ್ದಿದೆ ಅಂತ ಹೋಗಿದ್ದರು. ನಾನು ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಪಡಸಾಲೆಯ ತೊಲೆ ಲಟಾರನೆ ಮುರಿದ ಸದ್ದು, ಹಿಂದೆಯೇ ತೊಯ್ದ ಮಣ್ಣೆಲ್ಲ ದಡದಡ ಕುಸಿದ ಸದ್ದು. ಬೆಳಕು ಆರಿಹೋಯಿತು. ಇದ್ದ ಒಂದೇ ಬಾಗಿಲು ಮಣ್ಣಿನಡಿ ಹೋಗಿತ್ತು. ಗಾಬರಿಗೆ ಎದ್ದು ಕೂತವಳಿಗೆ ಕಾಲೆಲ್ಲ ಒದ್ದೆಯಾದದ್ದು ಗೊತ್ತಾಯಿತು. ದಿನ ತುಂಬಿರಲಿಲ್ಲ, ನೋವು ಮಾತ್ರ ಬಂದುಬಿಟ್ಟಿತು.

ಕೂಗಿದೆ, ಬಾಯಿಗೆ ಧೂಳು ತುಂಬಿತು. ನೆಲಕ್ಕೆ ಕೈಯೂರಿ ಬಗ್ಗಿದೆ. ಆಗ ಆ ವಾಸನೆ ಬಂತು. ಬೆಳ್ಳುಳ್ಳಿ, ಓಮು, ಸಾಂಬ್ರಾಣಿ. ಅಷ್ಟು ದಟ್ಟವಾಗಿ ಹಿಂದೆಂದೂ ಬಂದಿರಲಿಲ್ಲ. ನನ್ನ ಸೊಂಟದ ಮೇಲೆ ಯಾರೋ ಅಂಗೈ ಇಟ್ಟು ಒತ್ತಿದರು. ನೋವು ಬಂದಾಗ ಒತ್ತಿ, ಹೋದಾಗ ಸಡಿಲ ಬಿಟ್ಟು, ತಿಳಿದವರು ಒತ್ತುವ ಹಾಗೆ. ನನ್ನ ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಆ ಕೈ ತೆಗೆದುಬಿಟ್ಟರೆ ಅನ್ನುವ ಭಯ, ಇನ್ನೇನೂ ಅಲ್ಲ.

ಆಮೇಲೆ ಇಟ್ಟಿಗೆ ಬೀಳುವ ಸದ್ದು, ಬೆಳಕಿನ ಒಂದು ತುಂಡು. ಓನರಮ್ಮ ಮಳೆಯಲ್ಲಿ ನಿಂತು ಹಸಿ ಗೋಡೆಯನ್ನು ಕೈಯಲ್ಲೇ ಕೀಳುತ್ತಿದ್ದರು. ಆಳು ತೂರುವಷ್ಟು ಆಗುತ್ತಲೇ, ಅಷ್ಟು ವರ್ಷ ಹೊಸಲು ದಾಟದ ಹೆಂಗಸು ಆ ಸಂದಿನಿಂದ ಒಳಗೆ ನುಗ್ಗಿ ನನ್ನ ಕಂಕುಳಿಗೆ ಕೈ ಹಾಕಿದರು. “ಎದ್ದೇಳು ಅಮ್ಮಾಯಿ. ಈ ಸಲ ಜೀವ ಇರೋರೇ ಹೋಗೋದು ಇಲ್ಲಿಂದ. ಏಳು!” ಮಗ್ಗದವರು ಓಡಿಬಂದರು. ಕಂಬಳಿಯಲ್ಲಿ ಮಲಗಿಸಿ ನಾಲ್ಕು ಜನ ಹಿಡಿದು, ಆ ದಾರಿಯಿಂದಲೇ ಹೊರಗೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಕತ್ತಲಾಗುವ ಮುಂಚೆ ಮಗಳು ಹುಟ್ಟಿದಳು. ಒಂದು ಹಿಡಿಯಷ್ಟಿದ್ದಳು. ಅಳು ಮಾತ್ರ ಚಳ್ಳಕೆರೆಯದು.

ಆಸ್ಪತ್ರೆಯಲ್ಲಿ ಓನರಮ್ಮ ಪಕ್ಕ ಕೂತು ಮೆಲ್ಲಗೆ ಕೇಳಿದರು, “ನಾನು ಹೊರಗಿಂದ ಕೀಳ್ತಿದ್ರೆ ಒಳಗಿಂದ ಯಾರೋ ನೂಕ್ತಿದ್ರು. ನೀನೇನಾ?”

“ನಂಗೆ ಏಳಾಕೇ ಆಗ್ಲಿಲ್ಲ ಅವ್ವಾ.”

ಅವರು ತಲೆದೂಗಿದರು. ಕಣ್ಣಲ್ಲಿ ನೀರಿಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಮೇಸ್ತ್ರಿಯನ್ನು ಕೇಳಿದರೆ, “ಅರೇ ಅಮ್ಮಾ, ಹಸಿ ಗೋಡೆ, ಮಳೆ ನೀರು ಕುಡಿದು ತಾನೇ ಹೊರಗೆ ವಾಲಿರ್ತೈತೆ,” ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಗುವನ್ನು ಮನೆಗೆ ತರುವಷ್ಟರಲ್ಲಿ ಆ ಜಾಗದಲ್ಲಿ ಬೇವಿನ ಮರದ ಬಾಗಿಲು ನಿಂತಿತ್ತು. ಹೊಸಲಿಗೆ ಅರಿಶಿನ ಬಳಿದಿದ್ದರು. ಮೈದುನ ಅಡ್ಡಿ ಮಾಡದೆ ದೂರದಲ್ಲಿ ನಿಂತಿದ್ದರು. ನನಗೆ ಭಯ ಇರಲಿಲ್ಲವೇ ಅಂದರೆ, ಇತ್ತು. ಆದರೂ ಸುತ್ತಿಕೊಂಡು ಮುಂಬಾಗಿಲಿಗೆ ಹೋಗಲು ಮನಸ್ಸು ಬರಲಿಲ್ಲ. ಕೂಸನ್ನು ಎದೆಗೆ ಅವುಚಿಕೊಂಡು ಆ ಹೊಸಲನ್ನೇ ದಾಟಿದೆ. ಹಿಂದೆ ನನ್ನ ಅವ್ವ, ಗಂಡ. ಎಲ್ಲರೂ ಒಳಗೆ ಬಂದ ಮೇಲೆ ಗಂಡ ಬಾಗಿಲು ಹಾಕಲು ಹೋದರು. ಓನರಮ್ಮ ಬಾಗಿಲು ಹಿಡಿದುಕೊಂಡರು.

“ತಡೀರಿ. ಇನ್ನೊಬ್ರು ಬರೋರು ಅದಾರೆ.”

ಹಿತ್ತಲು ಖಾಲಿ, ಬಿಸಿಲು ಚುರುಗುಟ್ಟುತ್ತಿತ್ತು. ಅವರು ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತು, ಒಂದು ಗಳಿಗೆ ಬಿಟ್ಟು, ತಾವೂ ಒಳಬಂದು ಬಾಗಿಲು ಹಾಕಿದರು. ನನ್ನ ತೋಳಿನಲ್ಲಿದ್ದ ಕೂಸು ನಿದ್ದೆಯಲ್ಲೇ ನಕ್ಕಿತು. ಆಮೇಲೆ ಅದೆಷ್ಟು ಬೆಳ್ಳುಳ್ಳಿ ಸುಟ್ಟರೂ ಅದು ನನ್ನದೇ ಬಾಣಂತನದ ವಾಸನೆಯಾಗಿತ್ತು.

ಓನರಮ್ಮ ಶೆಡ್ಡು ಬಿಟ್ಟು ದುರಸ್ತಿಯಾದ ಪಡಸಾಲೆಯಲ್ಲಿ ಮಲಗತೊಡಗಿದರು. ದಿನಾ ಕಾಲು ಚಾಚಿ ಕೂತು ನನ್ನ ಮಗಳಿಗೆ ನೀರೆರೆಯುತ್ತಿದ್ದರು. ಕೂಸಿನ ತಲೆಗೂದಲು ಗಂಟಾದರೆ, “ಎಳೀಬ್ಯಾಡ, ಕೊನೆ ಹುಡುಕು,” ಅನ್ನುತ್ತಿದ್ದರು. ನಾನು ಗಮನಿಸಿದ ಒಂದು ಸಂಗತಿ ಹೇಳಬೇಕು. ಅವರ ಬಲಗೈ ಈಗ ಎಡಗೈಯಂತೆಯೇ ಇತ್ತು.

ನಮಗೆ ಚಳ್ಳಕೆರೆಗೆ ವರ್ಗವಾಯಿತು. ಮಗಳು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಓನರಮ್ಮ ತೀರಿಹೋದ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಓಡಿದೆ. ಅಲ್ಲಿ ಪಂಚಾಂಗ ನೋಡಿದವರು ನಕ್ಷತ್ರ ಸರಿಯಿಲ್ಲ ಅಂದಿದ್ದರು. ಮೈದುನನ ಮಕ್ಕಳು ಹಾರೆ ಹಿಡಿದು ಯಾವ ಗೋಡೆ ಅಂತ ಲೆಕ್ಕ ಹಾಕುತ್ತಿದ್ದರು. ಅಂದು ಗೋಡೆ ಮುಚ್ಚುವಾಗ ಬಿಚ್ಚದ ಬಾಯಿ ಈಗ ಅಂದಿನದೂ ಸೇರಿಸಿ ಬಿಚ್ಚಿತು. “ಹಾರೆ ಕೆಳಗಿಡ್ರೋ! ಗೋಡೆ ಯಾಕೆ ಒಡೀತೀರಾ? ಆಯಮ್ಮ ತಾನೇ ಇಡಿಸಿಕಂಡ ಬಾಗ್ಲು ಐತೆ, ಅಲ್ಲಿಂದ ಎತ್ರಿ!” ಹಣ್ಣಾಗಿದ್ದ ಆ ಮೈದುನ ಮೂಲೆಯಿಂದ ತಲೆ ಎತ್ತಿ, “ಆಕೆ ಹೇಳ್ದಂಗೆ ಮಾಡ್ರೋ,” ಅಂದರು.

ಬೇವಿನ ಬಾಗಿಲಿಂದ ಅವರನ್ನು ಎತ್ತಿಕೊಂಡು ಹೋದರು. ಜನ ಹಿಂದೆ ಹೋದರು. ಯಾರೋ ಒಬ್ಬರು ತಿರುಗಿ ಬಂದು ಬಾಗಿಲು ಎಳೆದುಕೊಳ್ಳಲು ಕೈ ಚಾಚಿದರು. ನಾನು ಅಡ್ಡ ನಿಂತೆ.

“ತಡೀರಿ. ಇನ್ನೊಬ್ರು ಹೋಗೋರು ಅದಾರೆ.”

“ಯಾರಮ್ಮಾ?” ಅಂದಳು ಮಗಳು. ನಾನು ಅವಳನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟೆ. ಬೆಳ್ಳುಳ್ಳಿ, ಓಮು, ಸಾಂಬ್ರಾಣಿ, ನನ್ನ ಮುಖದ ಮುಂದೆಯೇ ಹಾದು ಹೊರಗೆ ಹೋಯಿತು. ಮಗಳು ಮೂಗು ಅರಳಿಸಿ, “ಅಮ್ಮಾ, ಇದೇನು ವಾಸನೆ?” ಅಂದಳು.

ನಾನು ಸುಣ್ಣದ ಗೋಡೆಗೆ ಬಲಗೈ ಕೊಟ್ಟು ನಿಂತಿದ್ದೆ. ವಾಸನೆ ಪೂರಾ ಹೋದ ಮೇಲೆ ಬಾಗಿಲು ಮುಚ್ಚಿದೆ. ಮಗಳ ಕೈ ಹಿಡಿಯಲು ಹೋದಾಗ ನೋಡಿದೆ, ನನ್ನ ಬಲಗೈಯ ಅಂಗೈ ಬೆಳ್ಳಗಾಗಿತ್ತು. ಒರೆಸಿಕೊಳ್ಳದೆ ಹಾಗೇ ಅವಳ ಕೈ ಹಿಡಿದುಕೊಂಡೆ.